ತುಕ್ಕಿಗಿಂತ ಧೂಳೇ ಜಾಸ್ತಿ: ಇಂದಿನ ಸೇನಾ ವಾಹನಗಳ ಮಾಡೆಲ್‌ಗೆ ಬಣ್ಣ ಹಚ್ಚುವ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಬಣ್ಣ ಹಚ್ಚಿದ ಆಧುನಿಕ ಸೇನಾ ವಾಹನ ಎಂ113. ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಮಾಡುವ ಕಿಟ್, ಅಳತೆ 1/35, ಅಂದರೆ ನಿಜದ ವಾಹನದ ಮೂವತ್ತೈದನೇ ಒಂದು ಪಾಲು. ಹಳೆಯ ಯುದ್ಧದ ಟ್ಯಾಂಕ್‌ಗಳಿಗೆ ಹಚ್ಚಿ ಹಚ್ಚಿ ಕೈಗೆ ಅಭ್ಯಾಸವಾಗಿತ್ತು. ಹಾಗಾಗಿ ಇದರ ಮೂಲೆಮೂಲೆಗೂ ಕೆಂಪು ತುಕ್ಕು ಬಳಿದೆ. ಆಮೇಲೆ ತಿಳಿಯಿತು, ಎಂ113ರ ಒಡಲು ಅಲ್ಯೂಮಿನಿಯಂನದು. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಹಿಡಿಯುವುದೇ ಇಲ್ಲ. ಅಂದಿನಿಂದ ಬಣ್ಣದ ಸೀಸೆ ತೆರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಿಜವಾದ ವಾಹನದಲ್ಲಿ ಈ ಭಾಗವನ್ನು ಯಾವುದರಿಂದ ಮಾಡಿದ್ದಾರೆ? ಉಕ್ಕೋ, ಅಲ್ಯೂಮಿನಿಯಮ್ಮೋ, ರಬ್ಬರೋ, ಗಾಜೋ, ಬಟ್ಟೆಯೋ? ಕೆಳಗೆ ಬರುವ ಹೆಚ್ಚಿನ ಕೆಲಸಗಳಿಗೆ ಈ ಪ್ರಶ್ನೆಯ ಉತ್ತರವೇ ದಾರಿ ತೋರಿಸುತ್ತದೆ.

ಮೊದಲು ಫೋಟೋ ನೋಡಿ

ಒಂದು ವಾಹನ, ಒಂದು ಕಾಲ, ಒಂದು ಜಾಗ. ಇಷ್ಟನ್ನು ಮೊದಲೇ ನಿರ್ಧರಿಸಿಬಿಡಿ. ಜರ್ಮನಿಯ ಲೆಪರ್ಡ್ 2 ಟ್ಯಾಂಕ್ ಮೊದಲು ಬಂದಾಗ ಇಡೀ ಮೈಗೆ ಒಂದೇ ಬಣ್ಣ ಇತ್ತು, ಆರ್‌ಎಎಲ್ ಎಂಬ ಬಣ್ಣದ ಪಟ್ಟಿಯಲ್ಲಿ 6014 ಸಂಖ್ಯೆಯ, ಹಳದಿ ಛಾಯೆಯ ಹಸಿರು. 1980ರ ದಶಕದಲ್ಲಿ ಮೂರು ಬಣ್ಣದ ನೇಟೋ ವಿನ್ಯಾಸ ಬಂತು. ಹಸಿರು ಆರ್‌ಎಎಲ್ 6031, ಕಂದು 8027, ಕಪ್ಪು 9021. ಅಮೆರಿಕದ ವಾಹನಗಳಲ್ಲಿ ಇದೇ ಮೂರು ಬಣ್ಣಗಳಿಗೆ ಫೆಡರಲ್ ಸ್ಟ್ಯಾಂಡರ್ಡ್ ಎಂಬ ಅವರ ಬಣ್ಣದ ಪಟ್ಟಿಯ ಸಂಖ್ಯೆ 34094, 30051 ಮತ್ತು 37030. ಅವರ ಮರುಭೂಮಿಯ ಬಣ್ಣ 33446. ಸೀಸೆಯ ಮೇಲೆ ಈ ಸಂಖ್ಯೆ ಇದ್ದರೆ ಕಂಪನಿ ಯಾವುದಾದರೂ ಬಣ್ಣ ಹೆಚ್ಚುಕಡಿಮೆ ಸರಿಯಿರುತ್ತದೆ.

ಈಗಿನ ಬಣ್ಣದ ಸ್ವಭಾವವೂ ಬೇರೆ. ಅಮೆರಿಕದ ಸೇನೆ ಬಳಸುವುದು ಕಾರ್ಕ್ (CARC) ಎಂಬ ಲೇಪ. ರಾಸಾಯನಿಕ ಅಸ್ತ್ರದ ವಿಷ ಈ ಲೇಪದೊಳಗೆ ಇಳಿಯುವುದಿಲ್ಲ, ಮೇಲಿಂದ ತೊಳೆದು ತೆಗೆಯಬಹುದು. ಅದಕ್ಕೆ ಹೊಳಪೇ ಇಲ್ಲ, ತುಂಬಾ ಗಟ್ಟಿ. ಸುಮ್ನೆ ಉಜ್ಜಿದರೆ ಕಿತ್ತು ಬರುವಂಥದ್ದಲ್ಲ. ಜೊತೆಗೆ ಶಾಂತಿಕಾಲದ ಸೇನೆ ತನ್ನ ವಾಹನಗಳಿಗೆ ಆಗಾಗ ಹೊಸದಾಗಿ ಬಣ್ಣ ಹಚ್ಚಿಸುತ್ತದೆ. ಹಾಗಾಗಿ ಇಂದಿನ ಟ್ಯಾಂಕ್‌ನ ಫೋಟೋದಲ್ಲಿ ಕಣ್ಣಿಗೆ ಮೊದಲು ಬೀಳುವುದು ಧೂಳು. ತುಕ್ಕನ್ನು ಹುಡುಕಬೇಕಾಗುತ್ತದೆ.

ಅಳತೆಯ ಲೆಕ್ಕವೂ ತಲೆಯಲ್ಲಿರಲಿ. ತೋಪು ಮುಂದಕ್ಕಿದ್ದಾಗ ಅಮೆರಿಕದ ಏಬ್ರಮ್ಸ್ ಟ್ಯಾಂಕ್ ಸುಮಾರು 9.8 ಮೀಟರ್ ಉದ್ದ. 1/35ರಲ್ಲಿ ಅದು 28 ಸೆಂಟಿಮೀಟರ್. ಅಂದರೆ ಮಾಡೆಲ್ ಮೇಲಿನ 1 ಮಿಲಿಮೀಟರ್ ಗೀರು ನಿಜದಲ್ಲಿ 35 ಮಿಲಿಮೀಟರ್ ಅಗಲದ ಗಾಯ. ಕುಂಚ ಎತ್ತುವಾಗಲೆಲ್ಲ ಈ ಲೆಕ್ಕ ಮಾಡಿ ನೋಡಿ.

ಜೋಡಿಸುವಾಗಲೇ ಬಣ್ಣದ ಯೋಚನೆ

ಎಲ್ಲವನ್ನೂ ಅಂಟಿಸಿ ಮುಗಿಸಿ ಆಮೇಲೆ ಬಣ್ಣಕ್ಕೆ ಕೂರಬೇಡಿ. ಒಡಲು, ಟರೆಟ್ (ತೋಪು ಕೂರುವ, ತಿರುಗುವ ಮೇಲ್ಭಾಗ), ಚಕ್ರಗಳು, ಟ್ರ್ಯಾಕ್ (ಚಕ್ರಗಳ ಸುತ್ತಲಿನ ಸರಪಳಿ ಪಟ್ಟಿ), ಪಕ್ಕದ ರಕ್ಷಣಾ ಫಲಕಗಳು, ಇವು ಬೇರೆಬೇರೆಯಾಗಿಯೇ ಇರಲಿ. ಚಕ್ರಗಳನ್ನು ಹಲ್ಲುಕಡ್ಡಿಗೆ ಸಿಕ್ಕಿಸಿಟ್ಟುಕೊಂಡರೆ ತಿರುಗಿಸುತ್ತಾ ಬಣ್ಣ ಹಚ್ಚಬಹುದು. ಗಾಜಿನ ಭಾಗಗಳನ್ನು ಅಂಟಿಸಲೇಬೇಡಿ, ಅವುಗಳ ಸರದಿ ಕೊನೆಗೆ.

ಈ ಹಂತದಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ವಿಷಯವಿದೆ. ಏಬ್ರಮ್ಸ್, ಲೆಪರ್ಡ್ 2ರಂಥ ಟ್ಯಾಂಕ್‌ಗಳ ಮೇಲ್ಭಾಗದಲ್ಲಿ ಸಿಬ್ಬಂದಿ ಓಡಾಡುವ ಕಡೆ ಕಾಲು ಜಾರದಂತೆ ಒರಟು ಲೇಪ ಇರುತ್ತದೆ. ಎಷ್ಟೋ ಕಿಟ್‌ಗಳಲ್ಲಿ ಆ ಜಾಗ ನುಣ್ಣಗೇ ಬರುತ್ತದೆ. ಅದನ್ನು ನಾವೇ ಮಾಡಿಕೊಳ್ಳಬೇಕು. ಫೋಟೋ ನೋಡಿ ಗಡಿ ಗುರುತಿಸಿ. ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. ಮುಚ್ಚಳದ ಕೀಲು, ಬೋಲ್ಟ್, ಎತ್ತುವ ಕೊಂಡಿ ಇವನ್ನೂ ಮುಚ್ಚಿ. ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರನ್ನು ತೆಳು ಮಾಡದೆ ಹಾಗೇ ಬಳಿಯಿರಿ. ಅದು ಅರೆಬರೆ ಒಣಗಿ ಕೈಗೆ ಅಂಟುವ ಹದಕ್ಕೆ ಬಂದಾಗ, ಹಳೆಯ ಗಟ್ಟಿ ಕೂದಲಿನ ಬ್ರಷ್ ತಗೊಂಡು ನೆಟ್ಟಗೆ ಕುಟ್ಟುತ್ತಾ ಹೋಗಿ. ಎಳೆಯಬಾರದು, ಕುಟ್ಟಬೇಕು. ಒರಟು ಜಾಸ್ತಿಯಾಯಿತು ಅನಿಸಿದರೆ ಪೂರ್ತಿ ಒಣಗಿದ ಮೇಲೆ ನುಣುಪಾದ ಉಪ್ಪು ಕಾಗದದಿಂದ ಒಮ್ಮೆ ಹಗುರವಾಗಿ ಸವರಿ. ಟೇಪನ್ನು ಮಾತ್ರ ಲೇಪ ಗಟ್ಟಿಯಾಗುವ ಮುಂಚೆಯೇ ಬಿಡಿಸಿ, ಇಲ್ಲವಾದರೆ ಅಂಚು ಹರಿದು ಬರುತ್ತದೆ. ಮುಂದೆ ಧೂಳು ಕೂರುವುದು ಈ ಒರಟಿನ ಸಂದುಗಳಲ್ಲೇ. ಹಾಗಾಗಿ ಇಲ್ಲಿ ಕಳೆದ ಒಂದು ಸಂಜೆ ಖಂಡಿತ ವ್ಯರ್ಥವಲ್ಲ.

ತೊಳೆಯುವುದು, ಪ್ರೈಮರ್

ಜೋಡಿಸಿದ ಭಾಗಗಳನ್ನು ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಅಚ್ಚಿನ ಎಣ್ಣೆ, ಬೆರಳಿನ ಜಿಡ್ಡು ಎರಡೂ ಹೋಗಬೇಕು. ಒಂದು ರಾತ್ರಿ ಒಣಗಲಿ.

ಪ್ರೈಮರ್‌ಗೆ ನಾನು ಬಳಸುವುದು ಮಿಸ್ಟರ್ ಸರ್ಫೇಸರ್ 1500. ಅದೇ ಕಂಪನಿಯ ಲೆವೆಲಿಂಗ್ ತಿನ್ನರ್ ಬೆರೆಸಿ ತೆಳ್ಳಗೆ ಎರಡು ಮೂರು ಸಲ ಹೊಡೆಯುತ್ತೇನೆ. ಹಿತ್ತಾಳೆಯ ಸಣ್ಣ ಭಾಗಗಳು, ರೆಸಿನ್, ಪ್ಲಾಸ್ಟಿಕ್, ಪುಟ್ಟಿ ಎಲ್ಲವೂ ಒಂದೇ ಬಣ್ಣಕ್ಕೆ ಬಂದಾಗ ತಪ್ಪುಗಳು ಎದ್ದು ಕಾಣುತ್ತವೆ. ತೋಪಿನ ಕೊಳವೆಯ ಉದ್ದಕ್ಕೂ ಉಳಿದುಬಿಟ್ಟ ಕೂಡುಗೆರೆ ಸಾಮಾನ್ಯವಾಗಿ ಈಗಲೇ ಕಣ್ಣಿಗೆ ಬೀಳುವುದು. 600, ಆಮೇಲೆ 1000 ಸಂಖ್ಯೆಯ ಉಪ್ಪು ಕಾಗದದಲ್ಲಿ ಉಜ್ಜಿ, ಆ ಜಾಗಕ್ಕೆ ಮತ್ತೆ ಪ್ರೈಮರ್ ಹೊಡೆಯಿರಿ.

ಆರೋಗ್ಯದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲ್ಯಾಕರ್ ತಿನ್ನರ್‌ನ ಆವಿ ಒಳ್ಳೆಯದಲ್ಲ. ಧೂಳು ತಡೆಯುವ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಗಾಳಿ ಹೊರಗೆ ಹೋಗುವ ವ್ಯವಸ್ಥೆ ಇರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಇದರಲ್ಲಿ ಯಾವುದನ್ನೂ ಬಿಡಬೇಡಿ.

ಯಾವ ಬಣ್ಣದ ಮೇಲೆ ಯಾವುದು

ಪದರ ಪದರವಾಗಿ ಕೆಲಸ ಮಾಡುವಾಗ ಮೇಲಿನದು ಕೆಳಗಿನದನ್ನು ಕರಗಿಸಬಾರದು. ಲ್ಯಾಕರ್ ತಿನ್ನರ್ ಎಲ್ಲಕ್ಕಿಂತ ಖಾರ, ಆದ್ದರಿಂದ ಅದು ತಳದಲ್ಲಿ. ಅದರ ಮೇಲೆ ಅಕ್ರಿಲಿಕ್. ಎನಾಮೆಲ್ ಮತ್ತು ಆಯಿಲ್ ಪೇಂಟ್ ಕರಗುವುದು ವೈಟ್ ಸ್ಪಿರಿಟ್ ಎಂಬ ಸೌಮ್ಯ ತಿನ್ನರ್‌ನಲ್ಲಿ, ಅದು ಚೆನ್ನಾಗಿ ಒಣಗಿದ ಅಕ್ರಿಲಿಕ್ ಅನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹಾಗಾಗಿ ಅವು ಮೇಲೆ. ಮಾಡಿದ್ದು ಇಷ್ಟವಾಗದಿದ್ದರೆ ಒರೆಸಿ ತೆಗೆಯಬಹುದು, ಕೆಳಗಿನ ಬಣ್ಣ ಹಾಗೇ ಉಳಿಯುತ್ತದೆ.

ಟಮಿಯಾ ಕಂಪನಿಯ ಅಕ್ರಿಲಿಕ್ ಏರ್‌ಬ್ರಷ್‌ಗೆ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನಕ್ಕೆ, ತುಂಬಾ ಚೆನ್ನ. ಕೆಳಗೆ ಎಕ್ಸ್, ಎಕ್ಸ್‌ಎಫ್ ಎಂದು ಬರುವ ಸಂಖ್ಯೆಗಳೆಲ್ಲ ಈ ಕಂಪನಿಯವು. ಎಕ್ಸ್-20ಎ ತಿನ್ನರ್‌ನಲ್ಲಾಗಲಿ ಲ್ಯಾಕರ್ ತಿನ್ನರ್‌ನಲ್ಲಾಗಲಿ ಬೆರೆಯುತ್ತದೆ. ಕುಂಚದಲ್ಲಿ ಹಚ್ಚಿದರೆ ಮಾತ್ರ ಗೆರೆ ಬೀಳುತ್ತದೆ. ಕುಂಚಕ್ಕೆ ವಲೇಹೋ ಕಂಪನಿಯದಂಥ ನೀರಿನ ಅಕ್ರಿಲಿಕ್ ಒಳ್ಳೆಯದು. ಅದಕ್ಕೆ ಲ್ಯಾಕರ್ ತಿನ್ನರ್ ಬೆರೆಸಬೇಡಿ, ಮೊಸರಿನಂತೆ ಒಡೆದು ಗಂಟುಗಂಟಾಗುತ್ತದೆ.

ಏರ್‌ಬ್ರಷ್ ಇಲ್ಲದವರು ನಿರಾಶರಾಗಬೇಕಿಲ್ಲ. ಸ್ಪ್ರೇ ಡಬ್ಬಿಯಲ್ಲಿ ತಳದ ಬಣ್ಣ ಹೊಡೆದು, ಕಂದು ಮತ್ತು ಕಪ್ಪು ಪಟ್ಟೆಗಳನ್ನು ಕುಂಚದಲ್ಲಿ ತೆಳುವಾಗಿ ಮೂರು ಸಲ ಹಚ್ಚಿದ ಮಾಡೆಲ್‌ಗಳೂ ಬಹಳ ಚೆನ್ನಾಗಿ ಬರುತ್ತವೆ.

ತಳದ ಬಣ್ಣ ಮತ್ತು ಮೂರು ಬಣ್ಣದ ವಿನ್ಯಾಸ

0.3 ಮಿಲಿಮೀಟರ್ ಸೂಜಿಯ ಏರ್‌ಬ್ರಷ್, 15ರಿಂದ 20 ಪಿಎಸ್‌ಐ ಒತ್ತಡ, ಬಣ್ಣ ಹಾಲಿನಷ್ಟು ತೆಳು. ಇಲ್ಲಿಂದ ಶುರು ಮಾಡಿ, ನಿಮ್ಮ ಕೈಗೆ ತಕ್ಕಂತೆ ಹೊಂದಿಸಿಕೊಳ್ಳಿ. ಟಮಿಯಾ ಬಣ್ಣವಾದರೆ ಅಗಲವಾದ ಜಾಗಕ್ಕೆ ಬಣ್ಣ ತಿನ್ನರ್ ಸಮಸಮ, ಸಣ್ಣ ಗೆರೆಗೆ ಒಂದು ಪಾಲು ಬಣ್ಣಕ್ಕೆ ಎರಡು ಪಾಲು ತಿನ್ನರ್. ಮೊದಲು ಹಳೆಯ ಪ್ಲಾಸ್ಟಿಕ್ ಚೂರಿನ ಮೇಲೆ ಹೊಡೆದು ನೋಡಿ. ಜೇಡರ ಕಾಲಿನಂತೆ ಹರಡಿದರೆ ಬಣ್ಣ ನೀರಾಗಿದೆ, ಇಲ್ಲವೇ ಒತ್ತಡ ಜಾಸ್ತಿ. ಮರಳಿನಂತೆ ಬಿದ್ದರೆ ಬಣ್ಣ ದಾರಿಯಲ್ಲೇ ಒಣಗುತ್ತಿದೆ, ಹತ್ತಿರ ಹೋಗಿ ಅಥವಾ ತಿನ್ನರ್ ಸೇರಿಸಿ.

ಸಣ್ಣ ಮಾಡೆಲ್ ಮೇಲೆ ನಿಜವಾದ ಬಣ್ಣ ಗಾಢವಾಗಿ ಕಾಣುತ್ತದೆ. ದೂರದ ಗುಡ್ಡ ಮಸುಕಾಗಿ ಕಾಣುತ್ತದೆ ಅಲ್ವಾ, ಹಾಗೆಯೇ ದೂರದಲ್ಲಿ ನಿಂತ ಟ್ಯಾಂಕ್‌ನ ಬಣ್ಣವೂ ಮಂಕಾಗಿರುತ್ತದೆ. ಆದ್ದರಿಂದ ಬಣ್ಣಕ್ಕೆ ಒಂದಿಷ್ಟು ತಿಳಿ ಛಾಯೆ ಬೆರೆಸುತ್ತೇನೆ. ಹಸಿರಿಗೆ ಬಿಳಿ ಹಾಕಿದರೆ ಸುಣ್ಣ ಬಳಿದಂತಾಗುತ್ತದೆ. ಅದರ ಬದಲು ಎಕ್ಸ್‌ಎಫ್-57 ಬಫ್ ಹಾಕಿದರೆ ಬಿಸಿಲಿಗೆ ಮಾಸಿದ ಹಸಿರಿನ ಛಾಯೆ ಬರುತ್ತದೆ. ಮೇಲ್ಮುಖವಾದ ಜಾಗಗಳಿಗೆ ಬಫ್ ತುಸು ಹೆಚ್ಚು, ನಿಂತ ಗೋಡೆಗಳಿಗೆ ಕಡಿಮೆ.

ನೇಟೋ ವಿನ್ಯಾಸಕ್ಕೆ ಟಮಿಯಾದಲ್ಲಿ ಎಕ್ಸ್‌ಎಫ್-67 ಹಸಿರು, ಎಕ್ಸ್‌ಎಫ್-68 ಕಂದು, ಎಕ್ಸ್‌ಎಫ್-69 ಕಪ್ಪು ಇವೆ. ಹಸಿರು ಇಡೀ ಮೈಗೆ, ಆಮೇಲೆ ಕಂದು, ಕೊನೆಗೆ ಕಪ್ಪು. ಅಚ್ಚ ಕಪ್ಪು ಬಳಸಬೇಡಿ. ನೇಟೋ ಕಪ್ಪನ್ನು ಬಿಸಿಲಲ್ಲಿ ನೋಡಿದರೆ ಅದು ಗಾಢ ಬೂದು.

ಪಟ್ಟೆಗಳ ಅಂಚಿಗೆ ನಾನು ನಂಬುವುದು ಮಾಸ್ಕಿಂಗ್ ಪುಟ್ಟಿಯನ್ನು, ಅಂದರೆ ಬಣ್ಣ ತಾಗದಂತೆ ಮುಚ್ಚಿ ಆಮೇಲೆ ಕಿತ್ತು ತೆಗೆಯುವ ಮೆತ್ತನೆಯ ಮುದ್ದೆಯನ್ನು. ಅದನ್ನು ಪೆನ್ಸಿಲ್ ದಪ್ಪದ ಹುರಿಯಾಗಿ ಹೊಸೆದು, ವಿನ್ಯಾಸದ ಗಡಿಯ ಉದ್ದಕ್ಕೂ ಮೃದುವಾಗಿ ಕೂರಿಸಿ. ಹಸಿರಾಗಿಯೇ ಉಳಿಯಬೇಕಾದ ಜಾಗವನ್ನು ಟೇಪ್ ಚೂರುಗಳಿಂದ ಮುಚ್ಚಿ. ಏರ್‌ಬ್ರಷ್ ನೆಟ್ಟಗೆ ಹಿಡಿದು ಹೊಡೆಯಿರಿ. ಹುರಿ ದುಂಡಗಿರುವುದರಿಂದ ಅದರ ಅಡಿಯಲ್ಲಿ ಸ್ವಲ್ಪ ಬಣ್ಣ ನುಗ್ಗಿ ಅಂಚು ಕೂದಲೆಳೆಯಷ್ಟು ಮೆದುವಾಗುತ್ತದೆ. ನಿಜದ ವಾಹನದಲ್ಲಿ ಅಂಚು ಮೂರೂವರೆ ಸೆಂಟಿಮೀಟರ್ ಮಸುಕಾಗಿದ್ದರೆ ಇಲ್ಲಿ 1 ಮಿಲಿಮೀಟರ್ ಸಾಕು. ಅದಕ್ಕಿಂತ ಮಸುಕಾದರೆ ಆಟಿಕೆಯಂತೆ ಕಾಣುತ್ತದೆ.

ಮರುಭೂಮಿಯ ಒಂದೇ ಬಣ್ಣ ಸುಲಭ ಅನಿಸಬಹುದು, ನನಗೆ ಅದೇ ಕಷ್ಟ. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಇಲ್ಲಿ ಚರಿತ್ರೆ ನೆರವಿಗೆ ಬರುತ್ತದೆ. 1990-91ರ ಕೊಲ್ಲಿ ಯುದ್ಧಕ್ಕೆ ಯುರೋಪಿನಿಂದ ಬಂದ ಅಮೆರಿಕದ ವಾಹನಗಳಿಗೆ ಹಸಿರು ವಿನ್ಯಾಸದ ಮೇಲೆಯೇ ಮರಳು ಬಣ್ಣ ಹೊಡೆದರು. ಕೆಲವಕ್ಕೆ ಅದೂ ಆಗದೆ ಹಸಿರಿನಲ್ಲೇ ಹೋದವು. ಅಂಥ ಟ್ಯಾಂಕ್ ಮಾಡುವುದಾದರೆ ಮರಳು ಬಣ್ಣ ಕಿತ್ತ ಕಡೆ ಹಸಿರು ಇಣುಕಬೇಕು, ಲೋಹವಲ್ಲ.

ಡೆಕಾಲ್

ಡೆಕಾಲ್ ಎಂದರೆ ನೀರಲ್ಲಿ ನೆನೆಸಿ ಅಂಟಿಸುವ, ಸಂಖ್ಯೆ ಚಿಹ್ನೆಗಳ ತೆಳು ಚಿತ್ರ. ಹೊಳಪಿಲ್ಲದ ಬಣ್ಣದ ಮೇಲೆ ಅದನ್ನು ನೇರವಾಗಿ ಹಚ್ಚಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಮೊದಲು ಎಕ್ಸ್-22 ಹೊಳಪು ವಾರ್ನಿಷ್ ತೆಳುವಾಗಿ ಹೊಡೆದು ಒಂದು ದಿನ ಬಿಡಿ. ಡೆಕಾಲ್ ಅನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು, ಕಾಗದದಿಂದ ತಾನಾಗಿ ಜಾರುವ ತನಕ ಕಾಯಿರಿ. ಜಾಗಕ್ಕೆ ಮಾರ್ಕ್ ಸೆಟರ್ ಎಂಬ ಹಿಡಿಸುವ ದ್ರವ ಹಚ್ಚಿ ಕೂರಿಸಿ, ಮೇಲೆ ಮಾರ್ಕ್ ಸಾಫ್ಟರ್ ಎಂಬ ಮೆದುಗೊಳಿಸುವ ದ್ರವ ಹಚ್ಚಿ. ಡೆಕಾಲ್ ಸುಕ್ಕುಗಟ್ಟಿದರೆ ಗಾಬರಿಯಾಗಬೇಡಿ, ಮುಟ್ಟಲೂ ಬೇಡಿ. ಒಣಗುತ್ತಾ ತಾನೇ ಮೇಲ್ಮೈಗೆ ಅಂಟುತ್ತದೆ. ಒರಟು ಲೇಪದ ಮೇಲೆ ಎರಡು ಮೂರು ಸಲ ಸಾಫ್ಟರ್ ಬೇಕಾಗುತ್ತದೆ. ಮುಗಿದ ಮೇಲೆ ಇನ್ನೊಂದು ಪದರ ಹೊಳಪು ವಾರ್ನಿಷ್ ಹೊಡೆದು ಮುಚ್ಚಿಬಿಡಿ.

ವಾಶ್

ತೆಳು ಎನಾಮೆಲ್ ಬಣ್ಣ ಸಂದುಗಳಲ್ಲಿ, ಬೋಲ್ಟ್‌ಗಳ ಬುಡದಲ್ಲಿ ಹರಿದು ನೆರಳಾಗಿ ನಿಲ್ಲುವುದೇ ವಾಶ್. ನೀವೇ ಮಾಡಿಕೊಳ್ಳುವುದಾದರೆ ಒಂದು ಪಾಲು ಬಣ್ಣಕ್ಕೆ ಒಂಬತ್ತು ಹತ್ತು ಪಾಲು ವೈಟ್ ಸ್ಪಿರಿಟ್. ಹಸಿರಿನ ಮೇಲೆ ಗಾಢ ಕಂದು, ಮರಳು ಬಣ್ಣದ ಮೇಲೆ ನಡುಗಂದು. ಕಪ್ಪು ವಾಶ್ ಹಾಕಿದರೆ ಪೆನ್ನಿನಲ್ಲಿ ಗೆರೆ ಎಳೆದಂತೆ ಆಗುತ್ತದೆ. ಇಡೀ ಮೈಗೆ ಬಳಿಯಬೇಡಿ. ಸಣ್ಣ ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿ, ಅದೇ ಓಡುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು, ವೈಟ್ ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟೆಗೆ ಒತ್ತಿ ಒಣಗಿಸಿದ ಚಪ್ಪಟೆ ಕುಂಚದಿಂದ ಹೆಚ್ಚಾದದ್ದನ್ನು ತೆಗೆಯಿರಿ. ಗೋಡೆಗಳ ಮೇಲೆ ಕೈ ಮೇಲಿಂದ ಕೆಳಕ್ಕೇ ಹೋಗಲಿ, ಮಳೆ ನೀರು ಇಳಿಯುವಂತೆ.

ಒಂದು ಎಚ್ಚರಿಕೆ, ನನಗೆ ನೋವು ಕೊಟ್ಟು ಕಲಿಸಿದ್ದು. ಸೋವಿಯತ್ ಟ್ಯಾಂಕ್ ಟಿ-72 ಒಂದರ ಮಾಡೆಲ್‌ನ ಅಡಿಭಾಗಕ್ಕೆ ವಾಶ್ ಅನ್ನು ಧಾರಾಳವಾಗಿ ಸುರಿದೆ. ಬೆಳಗ್ಗೆ ನೋಡಿದರೆ ಚಕ್ರ ಹಿಡಿಯುವ ತೋಳುಗಳಲ್ಲಿ ಮೂರು ಮುರಿದು ಬಿದ್ದಿದ್ದವು. ಬಣ್ಣ ತಾಗದೆ ಉಳಿದ ಬರಿ ಪ್ಲಾಸ್ಟಿಕ್‌ಗೆ ತಿನ್ನರ್ ಇಳಿದು, ಬಿಗಿಯಾಗಿ ಸಿಕ್ಕಿಸಿದ ಕಡೆಗಳಲ್ಲಿ ಬಿರುಕು ಬಿಟ್ಟಿತ್ತು. ತಿಂಗಳ ಕೆಲಸ. ಅಂದಿನಿಂದ ಅಡಿಭಾಗಕ್ಕೂ ಒಳಗೋಡೆಗೂ ಪ್ರೈಮರ್ ಹೊಡೆಯುತ್ತೇನೆ, ತಿನ್ನರ್ ಎಲ್ಲೂ ಕೊಳದಂತೆ ನಿಲ್ಲಲು ಬಿಡುವುದಿಲ್ಲ.

ವಾಶ್ ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಮುಂದಿನ ಕೆಲಸಕ್ಕೆ ಬಣ್ಣ ಹಿಡಿಯುವ ಮೇಲ್ಮೈ ಬೇಕು.

ಮರಳು ಬಣ್ಣದ ವಾಹನ ಸಪ್ಪೆ ಕಂಡರೆ ಆಯಿಲ್ ಪೇಂಟ್ ಚುಕ್ಕಿಗಳು ಅದಕ್ಕೆ ಜೀವ ಕೊಡುತ್ತವೆ. ಬಿಳಿ, ಹಳದಿ, ಕಂದು, ತುಸು ನೀಲಿ ಬಣ್ಣಗಳನ್ನು ರಟ್ಟಿನ ಮೇಲೆ ಅರ್ಧ ಗಂಟೆ ಹಿಂಡಿಟ್ಟರೆ ಎಣ್ಣೆ ರಟ್ಟಿಗೆ ಇಳಿಯುತ್ತದೆ, ಹೊಳಪಿಲ್ಲದೆ ಬೇಗ ಒಣಗುತ್ತದೆ. ಸೂಜಿ ಮೊನೆಯಷ್ಟು ಚುಕ್ಕಿಗಳನ್ನಿಟ್ಟು, ಒದ್ದೆಯೆನಿಸದಷ್ಟು ತೇವವಾದ ಕುಂಚದಿಂದ ಕೆಳಕ್ಕೆ ಎಳೆದು ಮರೆಸಿಬಿಡಿ. ಬಣ್ಣಗಳು ಬೇರೆಬೇರೆಯಾಗಿ ಕಾಣಬಾರದು, ಒಂದು ಫಲಕಕ್ಕೂ ಇನ್ನೊಂದಕ್ಕೂ ಏನೋ ವ್ಯತ್ಯಾಸವಿದೆ ಎಂದಷ್ಟೇ ಅನಿಸಬೇಕು.

ಗೀರು ಮತ್ತು ತುಕ್ಕು

ಇಲ್ಲಿ ಕೈ ಬಿಗಿ ಹಿಡಿಯಿರಿ. 0.2 ಮಿಲಿಮೀಟರ್ ಚುಕ್ಕೆ ಎಂದರೆ ನಿಜದಲ್ಲಿ 7 ಮಿಲಿಮೀಟರ್, ಅದೇ ಸಾಕು. ಮುಚ್ಚಳಗಳ ಅಂಚು, ಹತ್ತಿ ಇಳಿಯುವ ಮೆಟ್ಟಿಲು, ಇಂಧನ ತುಂಬುವ ಬಾಯಿ, ಕೈ ಪದೇಪದೇ ಬೀಳುವ ಹಿಡಿಕೆ ಇಷ್ಟೇ ಜಾಗ. ಮೊದಲು ಮೂಲ ಬಣ್ಣಕ್ಕಿಂತ ತಿಳಿಯಾದ ಛಾಯೆಯಲ್ಲಿ ಮೇಲ್ಪದರದ ಗೀರು. ಅವುಗಳಲ್ಲಿ ಕೆಲವಕ್ಕೆ ಮಾತ್ರ ಒಳಗಡೆ ಗಾಢ ಚುಕ್ಕೆ. ಅಮೆರಿಕದ ಯುದ್ಧವಾಹನ ಬ್ರಾಡ್ಲಿ, ಎಂ113ರಂಥ ಅಲ್ಯೂಮಿನಿಯಂ ಒಡಲಿಗೆ ಆ ಚುಕ್ಕೆ ಮಂಕು ಬೂದು ಬೆಳ್ಳಿಯಾಗಿರಲಿ. ತುಕ್ಕಿನ ಆಸೆಯನ್ನು ಉಕ್ಕಿನ ಭಾಗಗಳ ಮೇಲೆ ತೀರಿಸಿಕೊಳ್ಳಿ. ಎಳೆಯುವ ಹಗ್ಗದ ಉಕ್ಕಿನ ಎಳೆಗಳು, ಸಲಿಕೆ ಸುತ್ತಿಗೆಗಳ ತುದಿ, ಟ್ರ್ಯಾಕ್‌ನ ಉಕ್ಕಿನ ಕೊಂಡಿಗಳು, ಹೊಗೆ ಕೊಳವೆ ಸುಟ್ಟ ಜಾಗ. ಡೀಸೆಲ್ ಎಂಜಿನ್‌ನ ಟಿ-72ರಲ್ಲಿ ಹೊಗೆ ಬರುವುದು ಎಡಮಗ್ಗುಲಿನಿಂದ, ಅಲ್ಲಿ ಮಸಿ ಹಿಡಿಸಿ.

ಧೂಳು

ಇಷ್ಟು ಹೊತ್ತು ಮಾಡಿದ್ದೆಲ್ಲ ಈ ಹಂತಕ್ಕೆ ತಯಾರಿ. ಧೂಳಿಗೆ ಒಂದು ನಡೆ ಇದೆ. ಅದು ಟ್ರ್ಯಾಕ್‌ನಿಂದ ಎದ್ದು, ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಚಲಿಸುವ ವಾಹನದ ಹಿಂಭಾಗದಲ್ಲಿ ಸುಳಿದು ಅಲ್ಲೇ ಹೆಚ್ಚು ಕೂರುತ್ತದೆ. ಮೇಲ್ಭಾಗದಲ್ಲಿ ಮೂಲೆ ಸೇರುತ್ತದೆ, ನಡುವೆ ಬೂಟು ತುಳಿದು ಸವೆಯುತ್ತದೆ. ಮಳೆ ಬಂದರೆ ಗೋಡೆಯ ಮೇಲೆ ಗೆರೆಗಳಾಗಿ ಇಳಿಯುತ್ತದೆ.

ಮೊದಲ ಪದರ ಏರ್‌ಬ್ರಷ್‌ನಿಂದ. ಎಕ್ಸ್‌ಎಫ್-57 ಒಂದು ಪಾಲು, ತಿನ್ನರ್ ಒಂಬತ್ತು ಪಾಲು. ಚಕ್ರ, ಅಡಿಭಾಗ, ಪಕ್ಕದ ಫಲಕಗಳ ಕೆಳಗಿನ ಮೂರನೇ ಒಂದು ಭಾಗ, ಹಿಂಭಾಗ. ಹೊಡೆದದ್ದು ಕಾಣಿಸುತ್ತಿಲ್ಲ ಅನಿಸುವಾಗಲೇ ನಿಲ್ಲಿಸಿ, ಒಣಗಿದ ಮೇಲೆ ಕಾಣುತ್ತದೆ.

ಎರಡನೆಯದು ಎನಾಮೆಲ್ ಧೂಳು ಬಣ್ಣ. ಮೂಲೆಗಳಲ್ಲಿ, ಒರಟು ಲೇಪದ ಮೇಲೆ, ಮುಚ್ಚಳಗಳ ಸುತ್ತ ಹಚ್ಚಿ. ಹದಿನೈದು ನಿಮಿಷ ಬಿಟ್ಟು, ಸಿಬ್ಬಂದಿ ನಡೆದಾಡುವ ದಾರಿಯಲ್ಲಿ ತೇವದ ಕುಂಚದಿಂದ ಎತ್ತಿ ತೆಗೆಯಿರಿ. ಚಾಲಕ ಎಲ್ಲಿ ಕಾಲಿಡುತ್ತಾನೆ, ಯಾವುದನ್ನು ಹಿಡಿದು ಹತ್ತುತ್ತಾನೆ ಎಂದು ಮನಸ್ಸಿನಲ್ಲೇ ಹತ್ತಿ ನೋಡಿ. ಒರಟಿನ ತಗ್ಗಿನಲ್ಲಿ ಧೂಳು ಉಳಿದು, ಉಬ್ಬುಗಳು ಶುಭ್ರವಾದಾಗ ಆ ಸಂಜೆಯ ಕುಟ್ಟಾಟಕ್ಕೆ ಬೆಲೆ ಬರುತ್ತದೆ.

ಮೂರನೆಯದು ಪಿಗ್ಮೆಂಟ್ ಪುಡಿ, ಅಂದರೆ ಮಣ್ಣಿನ ಬಣ್ಣದ ನುಣ್ಣನೆಯ ಒಣ ಪುಡಿ, ಚಕ್ರದ ಸಂದು ಮತ್ತು ಟ್ರ್ಯಾಕ್‌ಗೆ ಮಾತ್ರ. ಒಣ ಪುಡಿ ಉದುರಿಸಿ, ವೈಟ್ ಸ್ಪಿರಿಟ್ ಅಥವಾ ಪಿಗ್ಮೆಂಟ್ ಫಿಕ್ಸರ್‌ನ ಹನಿ ತಾಗಿಸಿ. ಎರಡು ಮೂರು ಮಣ್ಣಿನ ಛಾಯೆಗಳು ಬೆರೆತರೆ ಸಹಜ. ಇದಾದ ಮೇಲೆ ವಾರ್ನಿಷ್ ಹೊಡೆಯಬೇಡಿ, ಪುಡಿ ಕಪ್ಪಾಗಿ ಮಾಯವಾಗುತ್ತದೆ.

ಧೂಳಿನ ಮೇಲೆ ಎಣ್ಣೆ ಕಲೆ. ಇಂಧನ ಬಾಯಿಯ ಕೆಳಗೆ, ಒಂದೆರಡು ಚಕ್ರದ ನಡುವೆ ಹೊಳಪು ವಾರ್ನಿಷ್ ಬೆರೆಸಿದ ಗಾಢ ಕಂದು. ಎಲ್ಲ ಚಕ್ರಕ್ಕೂ ಬೇಡ.

ಟ್ರ್ಯಾಕ್, ಗಾಜು, ಆಂಟೆನಾ

ಟ್ರ್ಯಾಕ್‌ನಲ್ಲೂ ಅದೇ ಹಳೆಯ ಪ್ರಶ್ನೆ. ಏಬ್ರಮ್ಸ್ ಮತ್ತು ಲೆಪರ್ಡ್ 2ರಲ್ಲಿ ನೆಲಕ್ಕೆ ತಾಗುವುದು ರಬ್ಬರ್ ಪ್ಯಾಡ್. ಅದಕ್ಕೆ ಬೆಳ್ಳಿ ಹೊಳಪು ಬರುವುದೇ ಇಲ್ಲ. ಎಕ್ಸ್‌ಎಫ್-85 ರಬ್ಬರ್ ಕಪ್ಪು ಹಚ್ಚಿ, ಮೇಲೆ ಧೂಳು. ಉಕ್ಕು ಮಿನುಗುವುದು ಹಲ್ಲುಚಕ್ರ ಕಚ್ಚುವ ಅಂಚಿನ ಕೊಂಡಿಗಳಲ್ಲಿ ಮತ್ತು ಚಕ್ರಗಳ ನಡುವೆ ಉಜ್ಜುವ ಕೊಂಬುಗಳಲ್ಲಿ. ಟಿ-72ರ ಸಾಮಾನ್ಯ ಟ್ರ್ಯಾಕ್‌ನಲ್ಲಿ ನೆಲಕ್ಕೆ ತಾಗುವುದು ಉಕ್ಕೇ, ಅದರ ಹೊರಮುಖದ ಉಬ್ಬುಗಳನ್ನು ಮೆದು ಪೆನ್ಸಿಲ್‌ನ ಪುಡಿಯಿಂದ ಉಜ್ಜಿ ಹೊಳಪಿಸಿ.

ಕೊನೆಗೆ ಗಾಜು. ಸಾಮಾನ್ಯ ಗಾಜು ಶಾಖದ ಕಿರಣಗಳನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಥರ್ಮಲ್ ದುರ್ಬೀನಿನ ಮುಂಭಾಗಕ್ಕೆ ಜರ್ಮೇನಿಯಂ ಬಳಸುತ್ತಾರೆ. ಅದರಾಚೆ ಏನೂ ಕಾಣದು, ಲೇಪದ ಬಣ್ಣವಷ್ಟೇ ಮಿನುಗುತ್ತದೆ. ಬೆಳ್ಳಿ ಬಣ್ಣದ ಮೇಲೆ ಎಕ್ಸ್-27 ಪಾರದರ್ಶಕ ಕೆಂಪು, ಮೇಲಂಚಿಗೆ ತುಸು ಎಕ್ಸ್-23 ನೀಲಿ. ನೋಟದ ಕಿಂಡಿಗಳಿಗೆ ಎಕ್ಸ್-25 ಹಸಿರು. ಸಿಬ್ಬಂದಿ ಗಾಜನ್ನು ಮಾತ್ರ ದಿನವೂ ಒರೆಸುತ್ತಾರೆ. ಹಾಗಾಗಿ ಧೂಳು ಹಿಡಿದ ಟ್ಯಾಂಕ್ ಮೇಲೆ ಗಾಜು ಶುಭ್ರವಾಗಿ ಹೊಳೆಯಲಿ, ಚೌಕಟ್ಟಿನ ಮೂಲೆಗಳಲ್ಲಷ್ಟೇ ಒಂದೆಳೆ ಮಣ್ಣು ಉಳಿಯಲಿ. ಗಾಜಿನ ಭಾಗಗಳಿಗೆ ಬಿಳಿ ಅಂಟು ಬಳಸಿ. ಸೂಪರ್ ಗ್ಲೂ ಹಾಕಿದರೆ ಅದರ ಆವಿಗೆ ಗಾಜು ಮಂಜುಗಟ್ಟುತ್ತದೆ.

ಆಂಟೆನಾ ಎಲ್ಲಕ್ಕಿಂತ ಕೊನೆಗೆ. ಮಾಡೆಲ್ ಅನ್ನು ಅದರ ಹಲಗೆಯ ಮೇಲೆ ಕೂರಿಸಿ, ಇನ್ನು ಕೈಗೆತ್ತಿಕೊಳ್ಳುವ ಕೆಲಸ ಇಲ್ಲ ಎಂದಾದ ಮೇಲೆ ಅಂಟಿಸಿ.